ಮುಕ್ಕಾಲು ಪಾವು ಹಿಮ

ನಮ್ಮ ಭಾವ ಹೇಳಿದ ದಿನ ಹಿಮ ಬಿದ್ದೇ ಬೀಳುತ್ತದೆ. ನಮ್ಮ ಮನೆಯವರೆಗೆ ಬರುವುದಿಲ್ಲ, ಅಷ್ಟೇ. ಅವರು ಹಿಮವೆಂದು ಸಾರಿದ್ದ ಒಂದು ಗುರುವಾರ ಮಳೆ ಧೋ ಎಂದು ಸುರಿಯುತ್ತಿರುವಾಗ ನಾನು ಕೇಳಿಯೇಬಿಟ್ಟೆ.

"ಏನ್ ಭಾವ, ಹಿಮ ಅಂದ್ರಲ್ಲ?"

"ಬಿತ್ತಲ್ಲ. ಮೇಲೆ ಹಿಮಾನೇ ಬಿದ್ದಿದ್ದು. ಕೆಳಗೆ ಬರೋಷ್ಟರಲ್ಲಿ ಕರಗ್ತು. ಅದಕ್ಕೆ ನಾನೇನ್ ಮಾಡ್ಲಿ?"

ಇಂಥವರನ್ನು ಯಾವ ಕೋರ್ಟಿನಲ್ಲಿ ನಿಲ್ಲಿಸುತ್ತೀರಿ ಹೇಳಿ!

ಭಾವ ಎಂದರೆ ನನ್ನ ಅಕ್ಕನ ಗಂಡ. ಐರ್ಲೆಂಡಿನ ನಟ್ಟನಡುವೆ ಅತ್ಲೋನ್ ಎಂಬ ಊರಿನಲ್ಲಿ, ಶಾನನ್ ನದಿಗೆ ಕೂಗಳತೆಯ ದೂರದಲ್ಲಿ ಅವರ ಮನೆ. ನಾನು ರಾಜಧಾನಿಯ ಹೊರವಲಯದ ಸಿಟಿವೆಸ್ಟಿನಲ್ಲಿ ಒಂದು ಕೆಲಸಕ್ಕೆಂದು ಬಂದಿಳಿದು, ಬಾಡಿಗೆ ಮನೆ ಹುಡುಕುವ ಮೊದಲೇ ಲಾಕ್‌ಡೌನ್ ಆಗಿ, ಅಕ್ಕನ ಮನೆಯ ಮಾಳಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಮೊಮ್ಮಗಳನ್ನು ನೋಡಿಕೊಂಡು ಮೂರು ತಿಂಗಳಲ್ಲಿ ಹೋಗುತ್ತೇನೆಂದು ಮೈಸೂರಿನಿಂದ ಬಂದಿದ್ದ ಅಮ್ಮ, ವಿಮಾನಗಳು ನಿಂತು ವರ್ಷ ತುಂಬುತ್ತಾ ಬಂದರೂ ಅಲ್ಲೇ ಇದ್ದಳು. ಆ ಒಂದು ವರ್ಷವನ್ನು ಈಗ ನೆನೆದರೆ ಮಂಜು ಹಿಡಿದ ಕಿಟಕಿಯ ಆಚೆಗೆ ನೋಡಿದ ಹಾಗಾಗುತ್ತದೆ. ಯಾವ ದಿನ ಯಾವುದೋ ತಿಳಿಯದು. ಭಾವನ ಹವಾಮಾನ ವರದಿಯಿಂದಲೇ ನಮಗೆ ಸೋಮವಾರಕ್ಕೂ ಮಂಗಳವಾರಕ್ಕೂ ವ್ಯತ್ಯಾಸ ಗೊತ್ತಾಗುತ್ತಿದ್ದದ್ದು.

ಮಳೆ ಅಳೆಯಲು ಅವರು ಹಿತ್ತಲಲ್ಲಿ ಇಟ್ಟದ್ದು ಏನನ್ನು ಗೊತ್ತೇ? ಅಕ್ಕ ತವರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದ, ಅಕ್ಕಿ ಅಳೆಯುವ ಪಾವನ್ನು. ಅಕ್ಕ ಅನ್ನಕ್ಕಿಡಲು ಹೊರಟಾಗಲೆಲ್ಲ ಪಾವು ಹಿತ್ತಲಲ್ಲಿರುತ್ತಿತ್ತು.

"ರೀ, ನನ್ನ ಪಾವು ಕೊಡ್ರಿ."

"ಸಂಜೆ ಆರಕ್ಕೆ ರೀಡಿಂಗ್ ಇದೆ ಕಣೇ. ಈಗ ಚೆಲ್ಲಿದ್ರೆ ಲೆಕ್ಕ ತಪ್ಪುತ್ತೆ."

ಹೀಗಾಗಿ ಆ ಮನೆಯಲ್ಲಿ ಮಳೆ ಪಾವಿನ ಲೆಕ್ಕದಲ್ಲೂ ಅನ್ನ ಅಂದಾಜಿನಲ್ಲೂ ನಡೆಯಿತು. "ಇವತ್ತು ಅರೆಪಾವು ಮಳೆ ಅತ್ತೆ" ಎಂದು ಭಾವ ಸಾರಿದರೆ, ಮುದ್ದೆಯಾದ ಅನ್ನವನ್ನು ಕಲಸುತ್ತಾ ಅಮ್ಮ, "ಅದರಲ್ಲಿ ಸ್ವಲ್ಪ ಇದಕ್ಕೂ ಬಿದ್ದಿರೋ ಹಾಗಿದೆ" ಎನ್ನುತ್ತಿದ್ದಳು.

ಅಮ್ಮನಿಗೆ ಹಿಮ ನೋಡಬೇಕಿತ್ತು. ಹಾಗೆಂದು ಅವಳೇ ಅಳಿಯನಿಗೆ ಹೇಳಿದ್ದಳು. ಸಂಕ್ರಾಂತಿ ಕಳೆದು, ವಿಶೇಷ ವಿಮಾನವೊಂದರಲ್ಲಿ ಸೀಟು ಸಿಕ್ಕಿ, ಬರುವ ಸೋಮವಾರ ಹೊರಡುವುದೆಂದು ಗೊತ್ತಾದ ಮೇಲಂತೂ ಭಾವ ಊಟ ನಿದ್ದೆ ಬಿಟ್ಟರು. ಫೋನಿನಲ್ಲಿ ಬಣ್ಣಬಣ್ಣದ ನಕ್ಷೆಗಳು. ಅಮೆರಿಕದವರ ಲೆಕ್ಕ ಹಿಮ ಎನ್ನುತ್ತದೆ, ಯುರೋಪಿನವರ ಲೆಕ್ಕ ಮಳೆ ಎನ್ನುತ್ತದೆ. ಆರು ಗಂಟೆಗೊಮ್ಮೆ ಎರಡೂ ಮಾತು ಬದಲಿಸುತ್ತವೆ. ಅಮ್ಮ ಕನ್ನಡಕ ಏರಿಸಿ ಎರಡನ್ನೂ ನೋಡಿ, "ಜಾತಕ ಕೂಡ್ತಿಲ್ಲ ಅನ್ನಿ ಅಳಿಯಂದ್ರೇ" ಎಂದಳು. "ಬೇಗ ಬೀಳಿಸಿಬಿಡಿ. ಶಿವರಾತ್ರಿ ಬಂದ್ರೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತೆ."

ಐರ್ಲೆಂಡಿನಲ್ಲೇ ಹುಟ್ಟಿದ ಅಕ್ಕನ ಮಗಳು ಕಿಟಕಿಯಾಚೆ ನೋಡಿ, "ಇಟ್ಸ್ ಓನ್ಲಿ ರೇನಿಂಗ್, ಅಜ್ಜಿ. ಯು'ಲ್ ಬಿ ಗ್ರ್ಯಾಂಡ್" ಎಂದು, ಏನಾಗಲ್ಲ ಬಿಡು ಎನ್ನುವ ಅಲ್ಲಿನವರ ಧಾಟಿಯಲ್ಲಿ, ಸಮಾಧಾನ ಹೇಳಿದಳು.

ಬ್ರೆಡ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ಹಿಮ ಬೀಳುತ್ತದೆಂದರೆ ಈ ದೇಶದವರು ಮೊದಲು ಓಡುವುದು ಬ್ರೆಡ್ ಕೊಳ್ಳಲಿಕ್ಕೆ. ಭಾವ ಒಂದು ದಿನ ಬೇಲಿಯಾಚೆಯಿಂದ, ಬೀದಿಯ ತಗ್ಗಿನ ಕೊನೆಮನೆಯಲ್ಲಿ ಒಬ್ಬರೇ ಇದ್ದ ಐರಿಷ್ ಅಜ್ಜಿಗೆ, ಶುಕ್ರವಾರ ಹಿಮ ಬರಬಹುದು ಎಂದರು. ಆಕೆ ಇನ್ನಿಬ್ಬರಿಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಬ್ರೆಡ್ ಮಾಯ. ಶುಕ್ರವಾರ ಎಂಥ ಬಿಸಿಲು ಅಂತೀರಿ! ತಮ್ಮ ಮಾತಿಗೆ ಬೆಲೆ ಕೊಟ್ಟು ಭಾವನೂ ಎಂಟು ಪ್ಯಾಕೆಟ್ ಬ್ರೆಡ್ ತಂದಿದ್ದರಿಂದ ಒಂದು ವಾರ ನಮಗೆ ಬ್ರೆಡ್ ಉಪ್ಪಿಟ್ಟೇ ಗತಿಯಾಯಿತು.

ಆದರೆ ನದಿಯ ವಿಷಯದಲ್ಲಿ ಅವರು ತಪ್ಪಿದ್ದನ್ನು ನಾನು ಕಾಣೆ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಕಾಲ. ದಿನವೂ ನಾವಿಬ್ಬರೂ ಹೊಳೆಯ ದಂಡೆಗೆ ನಡೆದು ಹೋಗುತ್ತಿದ್ದೆವು. ಅಲ್ಲಿ ಅವರು ಒಂದು ಪೊರಕೆ ಕೋಲು ನೆಟ್ಟು, ಅಕ್ಕನ ನೇಲ್ ಪಾಲಿಶ್‌ನಿಂದ ಗುರುತು ಹಾಕಿದ್ದರು. ಶಾನನ್ ನಮ್ಮ ಹೊಳೆಗಳಂತೆ ಅಬ್ಬರಿಸಿ ಬರುವುದಿಲ್ಲ. ಸದ್ದಿಲ್ಲದೆ ಉಬ್ಬುತ್ತದೆ. ಇವತ್ತು ಹುಲ್ಲುಗಾವಲು ಇದ್ದ ಕಡೆ ನಾಳೆ ಆಕಾಶ ಮಲಗಿರುತ್ತದೆ, ಅದರ ಮೇಲೆ ಹಂಸಗಳು. ನಾನು ಮೈಮರೆತು ನೋಡುತ್ತಾ ನಿಂತರೆ ಭಾವ ಕೋಲು ನೋಡುತ್ತಿದ್ದರು.

"ಶನಿವಾರ ಸಂಜೆಗೆ ಕೊನೆಮನೆ ಅಜ್ಜಿ ಗೇಟಿಗೆ ನೀರು ಬರುತ್ತೆ ಕಣೋ" ಎಂದರು ಒಂದು ದಿನ. ನಾನು ನಗಲಿಲ್ಲ. ಅವರ ದನಿ ಹಾಗಿತ್ತು.

ಶನಿವಾರ ಬೆಳಿಗ್ಗೆಯಿಂದ ಬೀದಿಯವರೆಲ್ಲ ಮಾಸ್ಕ್ ಹಾಕಿಕೊಂಡು, ಎರಡೆರಡು ಮೀಟರ್ ದೂರ ನಿಂತು ಮರಳಿನ ಚೀಲ ತುಂಬಿದೆವು. ಭಾವ ಒಬ್ಬರೇ ಮೂರು ಜನರ ಕೆಲಸ ಮಾಡಿದರು. ಸಂಜೆಗೆ ನೀರು ಬಂತು. ಗೇಟು ದಾಟಿ, ಚೀಲದ ಮೂರನೆಯ ಸಾಲಿನವರೆಗೆ ಏರಿ, ಅಲ್ಲೇ ನಿಂತಿತು. ಅಜ್ಜಿ ಕಿಟಕಿಯ ಗಾಜಿನ ಒಳಗಿಂದ ಕೈಮುಗಿದರು. ಅದನ್ನು ಆಕೆಗೆ ಕಲಿಸಿದ್ದು ನಮ್ಮಮ್ಮ. ಮನೆಗೆ ಬಂದ ಭಾವ, "ನಾಳೆ ಬರೀ ಮಳೆ ಅತ್ತೆ, ಸಾರಿ" ಎಂದಷ್ಟೇ ಹೇಳಿ ಮಲಗಿಬಿಟ್ಟರು. ಅಮ್ಮ ಹೊರಡಲು ಉಳಿದಿದ್ದು ಒಂದೇ ದಿನ.

ಭಾನುವಾರ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಅಮ್ಮ ಅಡುಗೆಮನೆಯಲ್ಲಿ ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದಳು. ದಿನವೂ ಆರಕ್ಕೆದ್ದು ಪರದೆ ತೆಗೆದು ಕಾಫಿ ಕುಡಿಯುವವಳು! ನಾನು ಪರದೆ ಸರಿಸಿದೆ. ಹೊರಗೆಲ್ಲ ಬಿಳಿ. ಹುಲ್ಲು, ಬೇಲಿ, ಕಾರು, ಬಟ್ಟೆ ಒಣಹಾಕುವ ತಂತಿ, ಎಲ್ಲ ಬಿಳಿ.

"ಮುಚ್ಚು ಅದನ್ನ" ಎಂದಳು ಅಮ್ಮ, ಮೆಲ್ಲಗೆ. "ಅಳಿಯಂದ್ರು ಇನ್ನೂ ಎದ್ದಿಲ್ಲ."

"ಅಮ್ಮ, ಹಿಮ! ಹೋಗಿ ಮುಟ್ಟಿ ನೋಡು. ಇನ್ನೊಂದು ಗಂಟೇಲಿ ಕರಗಿಹೋಗುತ್ತೆ."

"ಅವರು ಬಂದು ಹೇಳ್ಲಿ. ಆಮೇಲೆ ನೋಡ್ತೀನಿ."

ನನಗೆ ತಲೆಬುಡ ತಿಳಿಯಲಿಲ್ಲ. ಅಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಅವರಪ್ಪ ಹೋದಾಗ ನೆನಪಿದ್ಯಾ? ಮೂರು ದಿನ ಆ ಮನುಷ್ಯ ಇದೇ ಕಿಟಕಿ ಹತ್ರ ನಿಂತಿದ್ರು, ಒಂದು ಮಾತಿಲ್ಲ. ಏನಂತ ಮಾತಾಡ್ಸೋದು? ನನಗೆ ತೋಚ್ಲಿಲ್ಲ. ನಾಳೆ ಮಳೆ ಬರುತ್ತಾ ಅಳಿಯಂದ್ರೇ, ಅಂತ ಕೇಳ್ದೆ. ನೋಡಿ ಹೇಳ್ತೀನಿ ಅತ್ತೆ ಅಂದ್ರು. ಮಾರನೇ ದಿನಾನೂ ಅದನ್ನೇ ಕೇಳ್ದೆ. ದಿನಾ ಮಳೆ ಕೇಳಿದ್ರೆ ಏನು ಚೆಂದ? ಅದಕ್ಕೇ ಹಿಮ ಅಂದೆ. ನನಗೇನೋ ಹಿಮದ ಹುಚ್ಚು? ಇಲ್ಲಿ ನಲ್ಲಿ ನೀರೇ ಕೈ ಕೊರೆಯುತ್ತೆ."

ಭಾವನ ತಂದೆ ಹಾಸನದಲ್ಲಿ ತೀರಿಕೊಂಡದ್ದು ಲಾಕ್‌ಡೌನಿನ ಮೊದಲ ತಿಂಗಳಲ್ಲಿ. ಕೊನೆಯ ದರ್ಶನವೂ ಅವರಿಗೆ ಫೋನಿನಲ್ಲೇ ಆಗಿತ್ತು. ಅದಕ್ಕೂ ಹಿತ್ತಲಿನ ಪಾವಿಗೂ ಸಂಬಂಧವಿದೆಯೆಂದು, ಒಂದೇ ಮನೆಯಲ್ಲಿದ್ದು ಅಷ್ಟು ದಿನ ನಗುತ್ತಿದ್ದ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಸೂರಿನಿಂದ ಟಪ್ ಟಪ್ ಎಂದು ಹನಿ ಬೀಳತೊಡಗಿತು. ಎಬ್ಬಿಸಲು ಅಮ್ಮ ಬಿಡಳು, ಹಿಮ ಕಾಯದು. ನಾನು ಕುಕ್ಕರಿನ ಮುಚ್ಚಳವನ್ನು ಎತ್ತಿ, ಕೈತಪ್ಪಿದಂತೆ ನೆಲಕ್ಕೆ ಬಿಟ್ಟೆ.

ಭಾವ ಕಣ್ಣುಜ್ಜುತ್ತಾ ಇಳಿದು ಬಂದವರು ಅಭ್ಯಾಸದಂತೆ ಪಾವು ನೋಡಲು ಹಿತ್ತಲ ಬಾಗಿಲು ತೆಗೆದರು. ಆಮೇಲೆ ಎರಡೂ ಕೈಯಲ್ಲಿ ಪಾವು ಹಿಡಿದು ಬಂದು ಅಮ್ಮನ ಮುಂದೆ ನಿಂತರು.

"ಅತ್ತೆ. ಮುಕ್ಕಾಲು ಪಾವು ಹಿಮ."

ಅಮ್ಮ ಬೆಚ್ಚಿದವಳಂತೆ ಎದ್ದಳು. ಬೆರಳದ್ದಿ ನೋಡಿ, "ನೀವು ಹೇಳಿದ ಹಾಗೇ ಬಿತ್ತಲ್ಲ ಅಳಿಯಂದ್ರೇ" ಎಂದಳು.

"ನಾನು ಮಳೆ ಅಂದಿದ್ದೆ ಅತ್ತೆ."

"ಇಲ್ಲ, ಹಿಮ ಅಂತಾನೇ ಅಂದಿದ್ರಿ."

ಮರುದಿನ ಅಮ್ಮನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆವು. ಹಿಮ ಎಲ್ಲೂ ಇರಲಿಲ್ಲ. ಅಕ್ಕ ತೊಳೆದಿಟ್ಟ ಪಾವು ಅಕ್ಕಿ ಡಬ್ಬಿಯ ಮೇಲೆ ಕೂತಿತ್ತು. ಭಾವ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಪಾವನ್ನು ಎತ್ತಿಕೊಂಡು ಅವರ ಪಕ್ಕಕ್ಕೆ ಹೋದೆ.

"ಭಾವ, ನಾಳೆ ಮಳೆ ಬರುತ್ತಾ?"

ಅವರು ನನ್ನ ಮುಖವನ್ನೂ ಪಾವನ್ನೂ ನೋಡಿದರು. "ನೋಡಿ ಹೇಳ್ತೀನಿ ಇರು" ಎಂದು ಜೇಬಿನಿಂದ ಫೋನ್ ತೆಗೆದರು.