ಡೂಗಲ್ಡನ ಪೀಪಾಯಿಗೆ ವಯಸ್ಸು ಇಳಿದದ್ದು

ಎಫಿ ಮೆಕ್‌ಫೀಗೆ ಬೇಕಾಗಿದ್ದದ್ದು ಒಂದು ಗಾಜಿನ ಕೋಣೆ. ಮನೆಯ ದಕ್ಷಿಣದ ಗೋಡೆಗೆ ಅಂಟಿಕೊಂಡಂತೆ, ಮೂರು ಕಡೆ ಗಾಜು, ಒಳಗೆ ನಾಲ್ಕು ಕುರ್ಚಿ. ಅಲ್ಲಿ ಕೂತು, ತಲೆಗೂದಲು ಕಿತ್ತುಹೋಗದ ಹಾಗೆ, ಸಮುದ್ರ ನೋಡಬೇಕು. ಐಲಾ ದ್ವೀಪದಲ್ಲಿ ಸಮುದ್ರ ಎಲ್ಲರಿಗೂ ಪುಕ್ಕಟೆ. ಗಾಳಿಯ ಕಾಟವಿಲ್ಲದೆ ಅದನ್ನು ನೋಡುವ ಭಾಗ್ಯಕ್ಕೆ ಮಾತ್ರ ಖರ್ಚಿದೆ.

ಆ ಖರ್ಚಿಗೆ ದುಡ್ಡಿತ್ತು. ಆದರೆ ಪೀಪಾಯಿಯೊಳಗಿತ್ತು.

ಮೂವತ್ತೊಂದು ವರ್ಷದ ಹಿಂದೆ, ಎಫಿಯ ಮದುವೆಯಾದ ಹೊಸದರಲ್ಲಿ, ದಿನ್ನೆಯ ಮೇಲಿನ ವಿಸ್ಕಿ ಭಟ್ಟಿಗೆ ಕೆಟ್ಟ ಕಾಲ ಬಂದಿತ್ತು. ಒಲೆ ಆರದಿರಲೆಂದು ಮಾಲೀಕರು ಊರಿನವರಿಗೇ ಪೀಪಾಯಿ ಲೆಕ್ಕದಲ್ಲಿ, ಮರದೊಳಗೆ ವರ್ಷಗಟ್ಟಲೆ ಮಾಗಿದಷ್ಟೂ ಬೆಲೆ ಏರುವ ಹಸಿ ಮದ್ಯ ಮಾರಿದರು. ಎಫಿಯ ಗಂಡ ಡೂಗಲ್ಡ್ ಆಗ ಅಂಚೆ ವ್ಯಾನಿನ ಚಾಲಕ. ನವದಂಪತಿಗಳು ಎಡಿನ್‌ಬರೋಗೆ ಹೋಗಿ ನಾಲ್ಕು ದಿನ ಹೋಟೆಲಿನಲ್ಲಿರಲು ಇಟ್ಟಿದ್ದ ಹಣವನ್ನು ಒಯ್ದು ಒಂದು ಪೀಪಾಯಿ ಕೊಂಡು ಬಂದ. (ಕೊಂಡು ಬಂದ ಎಂದರೆ ರಶೀತಿ ತಂದ. ಪೀಪಾಯಿಯನ್ನು ಮನೆಗೆ ತರುವ ಹಾಗಿಲ್ಲ. ಸುಂಕ ಕಟ್ಟುವವರೆಗೆ ಅದು ಭಟ್ಟಿಯ ಉಗ್ರಾಣದಲ್ಲೇ, ಸರಕಾರದ ಬೀಗದೊಳಗೇ ಇರಬೇಕು. ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡುವಂತೆ ಆಗಾಗ ಹೋಗಿ ನೋಡಿ ಬರಬಹುದು.)

"ಅದಕ್ಕೆ ನೆರಳು ಸಿಕ್ತು, ನನಗೆ ಗಾಳಿ ಸಿಕ್ತು" ಎಂದು ಎಫಿ ಆಗಿನಿಂದ ಹೇಳುತ್ತಲೇ ಇದ್ದಳು.

ಡೂಗಲ್ಡ್‌ಗೆ ಮಾತ್ರ ಆ ಪೀಪಾಯಿಯಿಂದ ಸಿಕ್ಕ ಸುಖ ಒಂದೆರಡಲ್ಲ. ಅಂಚೆಯ ಜೊತೆಗೆ ಅದರ ವಯಸ್ಸನ್ನೂ ಮನೆಮನೆಗೆ ಹಂಚಿದ. ಹತ್ತು ತುಂಬಿದಾಗ ಮಾರು ಎಂದರು ಜನ. "ಹತ್ತಕ್ಕೆ ಯಾರಾದರೂ ಮಾರ್ತಾರಾ?" ಎಂದ. ಇಪ್ಪತ್ತಕ್ಕೆ ಎಫಿ ಕೇಳಿದಳು. "ಈಗ ತಾನೇ ಬುದ್ಧಿ ಬರ್ತಾ ಇದೆ ಅದಕ್ಕೆ" ಎಂದ. ಬೇರೆ ಪೀಪಾಯಿಯವರು ವರ್ಷಕ್ಕೊಮ್ಮೆ ಮನೆಮಂದಿಯೊಂದಿಗೆ ಉಗ್ರಾಣಕ್ಕೆ ಹೋಗಿ, ಬಿರಡೆ ತೆಗೆಸಿ, ಒಂದೊಂದು ಗುಟುಕು ರುಚಿ ನೋಡಿ ಬರುವುದು ವಾಡಿಕೆ. ಡೂಗಲ್ಡ್ ಬಿರಡೆ ಮುಟ್ಟಲು ಬಿಟ್ಟವನಲ್ಲ. ಮರದಿಂದ ಆವಿಯಾಗಿ ಹೋಗುವುದಕ್ಕೆ ಅಲ್ಲಿ ದೇವದೂತರ ಪಾಲು ಎನ್ನುತ್ತಾರೆ. "ದೇವದೂತರಿಗೆ ಕೊಡೋದೇ ಸಾಕು, ನೆಂಟರಿಗೆ ಬೇರೆ ಯಾಕೆ?" ಎಂಬುದು ಅವನ ಸಿದ್ಧಾಂತ. ಅವನ ಬಾಮೈದ, ಎಫಿಯ ತಮ್ಮ ರೂರಿ, ಎಂಟು ವರ್ಷದ ಹಿಂದೆ ಅದೇ ಭಟ್ಟಿಯಲ್ಲಿ ತಾನೂ ಒಂದು ಪೀಪಾಯಿ ತುಂಬಿಸಿದ್ದ. ಹೊಸ ವರ್ಷದ ಊಟಕ್ಕೆ ಸೇರಿದಾಗೆಲ್ಲ ಡೂಗಲ್ಡ್ ಎಲ್ಲರೆದುರು ವಿಚಾರಿಸುತ್ತಿದ್ದ: "ಏನಪ್ಪಾ ರೂರಿ, ನಿನ್ನ ಕೂಸಿಗೆ ಹಲ್ಲು ಬಂತಾ?"

ಕಳೆದ ಫೆಬ್ರವರಿಯ ಬಿರುಗಾಳಿ ಎಫಿ ಒಣಹಾಕಿದ್ದ ಮೂರು ಹೊದಿಕೆಗಳನ್ನು ಎತ್ತಿಕೊಂಡು ಐರ್ಲೆಂಡಿನ ಕಡೆಗೆ ಹೋಯಿತು. ಎಫಿ ಕೂಗಾಡಲಿಲ್ಲ. ಒಳಗೆ ಬಂದು, ಗ್ಲಾಸ್ಗೋದ ಒಬ್ಬ ಪೀಪಾಯಿ ದಲ್ಲಾಳಿಗೆ ಫೋನ್ ಮಾಡಿದಳು.

ದಲ್ಲಾಳಿಯ ಹೆಸರು ಬಾಲ್ಫರ್. ತೆಳ್ಳಗಿನ ಮನುಷ್ಯ, ಕನ್ನಡಕ ಒರೆಸಿ ಒರೆಸಿ ಮಾತಾಡುವವನು. ಹಡಗಿಳಿದು ಬಂದವನಿಗೆ ಎಫಿ ಚಹಾ, ಸ್ಕೋನು ಎಂಬ ಬನ್ನು, ಬೆಣ್ಣೆ, ಜಾಮ್ ಇಟ್ಟಳು. ಹೆಣ್ಣು ನೋಡಲು ಬಂದವರ ಎದುರು ಕೂತ ತಂದೆಯ ಹಾಗೆ ಡೂಗಲ್ಡ್ ಬಿಗಿದುಕೊಂಡು ಕೂತಿದ್ದ.

"ಮೂವತ್ತೊಂದು ವರ್ಷ" ಎಂದ ಬಾಲ್ಫರ್. "ಅಪರೂಪ, ಮೆಕ್‌ಫೀ ಅವರೇ."

"ಮಾರೋ ಯೋಚನೆ ನನಗಿಲ್ಲ. ನಮ್ಮವಳಿಗೆ ನಿಮ್ಮನ್ನ ನೋಡಬೇಕು ಅನ್ನಿಸ್ತು, ಕರೆದಳು."

"ಹೌದು, ಇವರ ಕನ್ನಡಕ ನೋಡೋದಕ್ಕೆ ಕರೆದೆ" ಎಂದಳು ಎಫಿ. "ಸುಮ್ಮನೆ ಕೇಳು ಮಾರಾಯ."

ಬಾಲ್ಫರ್ ನಿಧಾನವಾಗಿ ಬೆಣ್ಣೆ ಹಚ್ಚಿದ. ಎಡಿನ್‌ಬರೋದ ಒಬ್ಬ ವ್ಯಾಪಾರಿ ಇಂಥ ಒಂಟಿ ಪೀಪಾಯಿಗಳನ್ನೇ ಕೊಂಡು ಸೀಸೆಗೆ ಇಳಿಸುತ್ತಾನೆ. ಯಾರ ಪೀಪಾಯಿಯೋ ಅವರ ಹೆಸರನ್ನು ಸೀಸೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸುತ್ತಾನೆ ಎಂದ.

ಡೂಗಲ್ಡ್‌ನ ಕೈಯಲ್ಲಿದ್ದ ಸ್ಕೋನು ಬಾಯಿಯ ದಾರಿಯಲ್ಲಿ ನಿಂತಿತು.

"ಎಷ್ಟು ದೊಡ್ಡದಾಗಿ?"

ಬಾಲ್ಫರ್ ಎರಡು ಬೆರಳು ಅಗಲಿಸಿ ತೋರಿಸಿದ. ಡೂಗಲ್ಡ್ ಆ ಬೆರಳುಗಳ ನಡುವೆ ತನ್ನ ಪೂರ್ಣ ನಾಮಧೇಯವನ್ನು ಇಟ್ಟು ನೋಡಿದ. ಸರಿಯಾಗಿ ಕೂತಿತು. ಮೂರು ದಶಕಗಳ ಹಟ ಸ್ಕೋನಿನೊಂದಿಗೆ ಗಂಟಲಲ್ಲಿ ಇಳಿಯಿತು.

"ಮೊದಲು ಒಂದು ಅಳತೆ ಆಗಬೇಕು" ಎಂದ ಬಾಲ್ಫರ್. "ಶಾಸ್ತ್ರಕ್ಕೆ."

ಮರುದಿನ ಮೂವರೂ ಉಗ್ರಾಣಕ್ಕೆ ಹೋದರು. ಉಗ್ರಾಣ ನೋಡಿಕೊಳ್ಳುವ ಕರ್ಸ್ಟಿ ಬೀಗ ತೆಗೆದಳು. ಮಣ್ಣುನೆಲ, ಕಪ್ಪು ಬೂಷ್ಟು ಹಿಡಿದ ಗೋಡೆ, ಮೂಗಿಗೆ ಹಿತವಾದ ಹಳೇ ವಾಸನೆ. ಡೂಗಲ್ಡ್ ತನ್ನ ಪೀಪಾಯಿಯ ಬೆನ್ನು ತಟ್ಟಿದ. ಅದು ಕೊಟ್ಟ ಸದ್ದು ಅವನು ನಿರೀಕ್ಷಿಸಿದ್ದಕ್ಕಿಂತ ಸ್ವಲ್ಪ ಖಾಲಿಯಾಗಿತ್ತು. ಕರ್ಸ್ಟಿ ಬಿರಡೆ ತೆಗೆದಳು, ಕೋಲು ಇಳಿಸಿದಳು, ಒಂದಿಷ್ಟು ಎತ್ತಿ ಗಾಜಿನ ನಳಿಗೆಗೆ ಹುಯ್ದು ಮಾಪಕ ತೇಲಿಬಿಟ್ಟಳು. ನೋಡಿದಳು. ಕಿಟಕಿಯ ಹತ್ತಿರ ಹೋಗಿ ಮತ್ತೆ ನೋಡಿದಳು. ಆಮೇಲೆ ಬಾಲ್ಫರ್ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ.

"ಏನಂತೆ?" ಎಂದ ಡೂಗಲ್ಡ್.

"ರುಚಿ ನೋಡಿ" ಎಂದು ಬಾಲ್ಫರ್ ಒಂದು ಲೋಟ ಮುಂದೆ ಹಿಡಿದ.

ಡೂಗಲ್ಡ್ ಬದುಕಿನಲ್ಲಿ ಮೊದಲ ಬಾರಿಗೆ ತನ್ನ ಪೀಪಾಯಿಯ ರುಚಿ ನೋಡಿದ. ಜೇನು, ಹೊಗೆ, ಹಳೆಯ ಚರ್ಚಿನ ಬೆಂಚು, ಎಲ್ಲೋ ಹಿಂದುಗಡೆ ಸಮುದ್ರ. ಅವನ ಕಣ್ಣು ತೇವವಾಯಿತು. "ಇದು ಅಮೃತ ಕಣ್ರೀ."

"ಅಮೃತ ಹೌದು. ವಿಸ್ಕಿ ಅಲ್ಲ" ಎಂದ ಬಾಲ್ಫರ್, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ನೂರಕ್ಕೆ ನಲವತ್ತು ಪಾಲು ಮದ್ಯಸಾರ ಇದ್ದರೆ ಮಾತ್ರ ಕಾನೂನು ಇದನ್ನ ವಿಸ್ಕಿ ಅಂತ ಕರೆಯುತ್ತೆ. ನಿಮ್ಮದು ನಲವತ್ತರ ಕೆಳಗೆ ಜಾರಿದೆ. ಈ ಥಂಡಿಯಲ್ಲಿ ಬಹಳ ವರ್ಷ ಬಿಟ್ಟರೆ ಕಸುವು ಇಳಿಯುತ್ತೆ. ಅದಕ್ಕೇ ಎಲ್ಲರೂ ಆಗಾಗ ಬಿರಡೆ ತೆಗೆಸಿ ನೋಡೋದು."

"ಹಾಗಾದ್ರೆ ಇದು ಏನು?"

"ಕಾನೂನಿನಲ್ಲಿ ಇದಕ್ಕೆ ಹೆಸರಿಲ್ಲ."

ಎಫಿ ಏನೂ ಅನ್ನಲಿಲ್ಲ. ಇಪ್ಪತ್ತಕ್ಕೇ ಮಾರು ಅಂದಿದ್ದೆ ಎನ್ನುವುದಕ್ಕೆ ಅವಳಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದು ಸಾಧ್ಯವಿರಲಿಲ್ಲ. ಆದರೂ ಅನ್ನಲಿಲ್ಲ. ಡೂಗಲ್ಡ್‌ಗೆ ಹೆದರಿಕೆ ಹುಟ್ಟಿದ್ದು ಆಗಲೇ.

"ಏನೂ ದಾರಿ ಇಲ್ವಾ?" ಎಂದು ಅವಳು ಬಾಲ್ಫರ್‌ನನ್ನು ಕೇಳಿದಳು.

"ಇದೆ. ಇದೇ ಭಟ್ಟಿಯ ಇನ್ನೊಂದು ಗಟ್ಟಿ ಪೀಪಾಯಿಯ ಜೊತೆ ಬೆರೆಸಬೇಕು. ಕಸುಬಿನವರು ಅದನ್ನ ಮದುವೆ ಮಾಡಿಸೋದು ಅಂತೀವಿ. ಆಗ ಕಸುವು ಮೇಲೆ ಬರುತ್ತೆ, ಎರಡನ್ನೂ ಸೇರಿಸಿ ಒಳ್ಳೇ ಬೆಲೆಗೆ ಕೊಡಿಸಬಲ್ಲೆ. ಒಂದೇ ತೊಡಕು. ಬೆರಕೆಯಲ್ಲಿ ಯಾವುದು ಕಿರಿಯದೋ ಅದರ ವಯಸ್ಸೇ ಇಬ್ಬರ ವಯಸ್ಸು. ಅದೂ ಕಾನೂನೇ."

"ಊರಲ್ಲಿ ಮಾರದೆ ಉಳಿದಿರೋ ಪೀಪಾಯಿ ಇನ್ನೊಂದೇ" ಎಂದಳು ಕರ್ಸ್ಟಿ, ಬಿರಡೆಯನ್ನು ಗುದ್ದಿ ಕೂರಿಸುತ್ತಾ. "ಆ ಮೂಲೇಲಿದೆ. ರೂರಿದು. ಎಂಟು ವರ್ಷ."

ಗಂಡಹೆಂಡತಿ ಮನೆಗೆ ಬಂದರು. ಡೂಗಲ್ಡ್ ಅಡುಗೆಮನೆಯಲ್ಲಿ ಕೂತು ಬಾಯಿ ಬಿಟ್ಟ.

"ಮೂವತ್ತೊಂದು ವರ್ಷ ಕಾದು ಎಂಟು ವರ್ಷದ್ದು ಮಾರೋದಾ? ಅದಕ್ಕಿಂತ ಅದು ಅಲ್ಲೇ ಇರಲಿ. ಹೆಸರಿಲ್ಲದಿದ್ದರೂ ವಯಸ್ಸಾದರೂ ಇದೆ."

"ಇರಲಿ" ಎಂದಳು ಎಫಿ, ಆಲೂಗಡ್ಡೆ ಹೆರೆಯುತ್ತಾ. "ನಿನ್ನ ಪೀಪಾಯಿ."

"ಕೋಪ ಬಂತಾ?"

"ಇಲ್ಲ."

"ಬಂದಿದ್ರೆ ಹೇಳು."

"ಕೋಪ ಬರೋ ವಯಸ್ಸು ದಾಟಿತು, ಡೂಗಲ್ಡ್. ಕೂತು ಸಮುದ್ರ ನೋಡೋ ವಯಸ್ಸು ಬಂದಿತ್ತು, ಅಷ್ಟೇ."

ಅವಳು ಬೈದಿದ್ದರೆ ಡೂಗಲ್ಡ್ ಗೆಲ್ಲುತ್ತಿದ್ದ. ಬೈಗುಳಕ್ಕೆ ಅವನ ಬಳಿ ಉತ್ತರಗಳ ದಾಸ್ತಾನೇ ಇತ್ತು. ಕಿಟಕಿಯಾಚೆ ದಕ್ಷಿಣದ ಗೋಡೆಯ ಪಕ್ಕದಲ್ಲಿ ಎಫಿ ಅಳತೆಗೆಂದು ನೆಟ್ಟಿದ್ದ ನಾಲ್ಕು ಗೂಟಗಳು ಕಂಡವು. ಗಾಳಿಗೆ ಒಂದು ವಾಲಿತ್ತು. ಅವನು ಎದ್ದು ಹೊರಗೆ ಹೋಗಿ ಅದನ್ನು ನೆಟ್ಟಗೆ ಮಾಡಿದ. ಹಾಗೆಯೇ ದಡದ ಕಡೆ ನಡೆದ.

ರೂರಿ ದೋಣಿಯ ಪಕ್ಕ ಕೂತು ಏಡಿ ಹಿಡಿಯುವ ಬುಟ್ಟಿಗಳಿಗೆ ಬಲೆ ಹೆಣೆಯುತ್ತಿದ್ದ.

"ಏನು ಭಾವ, ಈ ಕಡೆ?"

"ಸುಮ್ಮನೆ."

"ಸುಮ್ಮನೆ ಬರೋರು ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಳ್ಳಲ್ಲ."

ಡೂಗಲ್ಡ್ ಟೋಪಿಯನ್ನು ತಲೆಗೆ ಹಾಕಿಕೊಂಡ. "ನಿನ್ನ ಪೀಪಾಯಿ ಹೇಗಿದೆ?"

"ಯಾವುದು? ತೊಟ್ಟಿಲಲ್ಲಿರೋದಾ?"

"ಹೂಂ. ಅದೇ."

"ಹಲ್ಲು ಬಂದಿದೆ."

ಡೂಗಲ್ಡ್ ಒಂದು ಬುಟ್ಟಿಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ರೂರಿ ನಗುತ್ತಾನೆ ಎಂದು ಸಿದ್ಧವಾಗಿಯೇ ಬಂದಿದ್ದ. ರೂರಿ ನಗಲಿಲ್ಲ. "ಪಾಪ" ಎಂದ. ಆ ಒಂದು ಪಾಪಕ್ಕೆ ಹೋಲಿಸಿದರೆ ಊರೆಲ್ಲ ಕೂಡಿ ನಕ್ಕಿದ್ದರೂ ವಾಸಿಯಿತ್ತು.

"ಬೆರೆಸೋಣ ಭಾವ. ಅಕ್ಕನ ಕೋಣೆ ಆಗಲಿ. ಬಂದದ್ದರಲ್ಲಿ ಅರ್ಧ ಅರ್ಧ."

"ಇನ್ನೊಂದು ಮಾತು. ನನ್ನದು ನಲವತ್ತರ ಕೆಳಗೆ ಬಿತ್ತು ಅಂತ ಊರಲ್ಲಿ ಒಬ್ಬರಿಗೂ ಗೊತ್ತಾಗಬಾರದು. ಕರ್ಸ್ಟಿ ಬಾಯಿ ಬಿಡಲ್ಲ, ಮಾತು ಕೊಟ್ಟಿದ್ದಾಳೆ. ನೀನೂ ಕೊಡು."

"ಕೊಟ್ಟೆ. ಆದರೆ ಸೀಸೆ ಮೇಲೆ ನಿನ್ನ ಹೆಸರು, ಕೆಳಗೆ ಎಂಟು ವರ್ಷ ಅಂತ ಇದ್ರೆ, ಊರಿಗೆ ಲೆಕ್ಕ ಬರಲ್ವಾ?"

ಡೂಗಲ್ಡ್ ಟೋಪಿಯನ್ನು ಮತ್ತೆ ಕೈಗೆ ತೆಗೆದುಕೊಂಡ.

"ನಿನ್ನ ಹೆಸರು ಹಾಕಿಸು."

"ಅದು ನ್ಯಾಯ ಅಲ್ಲ ಭಾವ."

"ಹಾಕಿಸು ಅಂದೆನಲ್ಲ."

ಹೀಗೆ ಮಂಗಳಕಾರ್ಯ ನೆರವೇರಿತು. ಬಾಲ್ಫರ್ ನುಡಿದಂತೆ ನಡೆದ. ಎಡಿನ್‌ಬರೋದ ವ್ಯಾಪಾರಿ ರುಚಿ ನೋಡಿ, ಚೌಕಾಸಿಯನ್ನೂ ಮಾಡದೆ ಕೊಂಡ. ಡೂಗಲ್ಡ್ ತನ್ನ ಪೀಪಾಯಿಯನ್ನು ಕಡಲಾಚೆಯ ಒಬ್ಬ ಮಹನೀಯರು ಕೊಂಡರು, ಹೆಸರು ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ ಎಂದು ಊರಿಗೆಲ್ಲ ಸಾರಿದ. ಊರು ನಂಬಿತು. ಆಗಸ್ಟಿನಲ್ಲಿ ಗಾಜಿನ ಕೋಣೆ ಎದ್ದು ನಿಂತಿತು. ಮೊದಲ ದಿನ ಎಫಿ ಕೈಯಲ್ಲಿ ಹೆಣಿಗೆ ಹಿಡಿದು ಒಳಗೆ ಕೂತಳು. ಸಂಜೆಯವರೆಗೆ ಒಂದು ಸಾಲನ್ನೂ ಹೆಣೆಯಲಿಲ್ಲ. ಡೂಗಲ್ಡ್ ಬಾಗಿಲಲ್ಲಿ ನಿಂತು ನೋಡಿ, ಕೊಟ್ಟ ಬೆಲೆ ಹೆಚ್ಚಾಗಲಿಲ್ಲ ಎಂದುಕೊಂಡ.

ಪೂರ್ತಿ ಬೆಲೆ ಇನ್ನೂ ಕೊಟ್ಟಾಗಿರಲಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಫಿ ಪಾದ್ರಿ ಗಿಲ್ಲೀಸ್ ದಂಪತಿಗಳನ್ನೂ ತಮ್ಮನನ್ನೂ ಊಟಕ್ಕೆ ಕರೆದಳು. ಎಡಿನ್‌ಬರೋದಿಂದ ಮೊದಲ ಸೀಸೆಗಳು ಬಂದಿದ್ದವು. ಬರಿಗೈಯಲ್ಲಿ ಬರಬಾರದೆಂದು ರೂರಿ ಒಂದು ತಂದ. ಅವನ ಹೆಸರು ಎರಡು ಬೆರಳಿನಷ್ಟು ದೊಡ್ಡದಾಗಿ ಹೊಳೆಯುತ್ತಿತ್ತು.

ಪಾದ್ರಿಗಳು ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು. ಭಾನುವಾರದ ಪ್ರಾರ್ಥನೆಯಲ್ಲೂ ಅವರು ಅಷ್ಟು ಹೊತ್ತು ಕಣ್ಣು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

"ಎಂಟೇ ವರ್ಷವಾ ಇದು?"

"ಕಾನೂನಿನ ಪ್ರಕಾರ ಎಂಟು" ಎಂದ ರೂರಿ, ಮೇಜುಬಟ್ಟೆ ನೋಡುತ್ತಾ.

"ಡೂಗಲ್ಡ್, ನಿಜ ಹೇಳು. ನಿನ್ನ ಮೂವತ್ತೊಂದು ವರ್ಷದ್ದು ಹೀಗಿತ್ತಾ?"

"ಹತ್ತಿರಹತ್ತಿರ" ಎಂದ ಡೂಗಲ್ಡ್.

"ಮತ್ಸರ ಬೇಡಪ್ಪ. ಕಿರಿಯನಾದರೇನು, ಕೈಗುಣ ಇದ್ದವನನ್ನ ಹೊಗಳಬೇಕು. ಈ ಹುಡುಗನ್ನ ನೀನು ವರ್ಷವರ್ಷ ಅಣಕಿಸಿದ್ದನ್ನ ನಾನೇ ಕೇಳಿದೀನಿ. ಮನೆ ಯಜಮಾನ ಎದ್ದು ನಾಲ್ಕು ಮಾತಾಡೋದು ಪದ್ಧತಿ. ಏಳು, ಇವನ ಪೀಪಾಯಿ ಬಗ್ಗೆ ಮಾತಾಡು."

ಎಫಿ ತುಟಿ ಕಚ್ಚಿಕೊಂಡು ಸಮುದ್ರದ ಕಡೆ ತಿರುಗಿದಳು. ಡೂಗಲ್ಡ್ ಎದ್ದ. ಲೋಟವನ್ನು ಬೆಳಕಿಗೆ ಹಿಡಿದ. ಮಾತು ಶುರುಮಾಡಿದ. ಶುರುವಾದದ್ದು ನಿಲ್ಲಲಿಲ್ಲ. ಜೇನಿನ ಬಗ್ಗೆ ಹೇಳಿದ, ಹೊಗೆಯ ಬಗ್ಗೆ ಹೇಳಿದ. ಕತ್ತಲ ಉಗ್ರಾಣದಲ್ಲಿ ಯಾರ ಹೊಗಳಿಕೆಯನ್ನೂ ಬೇಡದೆ ಮಲಗಿದ್ದ ಆ ಮರದ ತಾಳ್ಮೆಯ ಬಗ್ಗೆ ಹೇಳಿದ. ಇಂಥದ್ದು ಒಂದು ದ್ವೀಪಕ್ಕೆ ಒಂದು ತಲೆಮಾರಿಗೆ ಒಂದೇ ಹುಟ್ಟುವುದು ಎಂದ. ಇದನ್ನು ಸಾಕಿದ ಮನುಷ್ಯನ ದೂರದೃಷ್ಟಿಯನ್ನೂ, ಸಂಯಮವನ್ನೂ, ದೊಡ್ಡ ಮನಸ್ಸನ್ನೂ ಬಣ್ಣಿಸುವಾಗ ಕಣ್ಣೊರೆಸಿಕೊಂಡ. ಪಾದ್ರಿಗಳ ಹೆಂಡತಿ ಕರವಸ್ತ್ರ ತೆಗೆದರು. ಎಫಿಯ ಭುಜ ಕುಲುಕುತ್ತಿತ್ತು. ಅವಳೂ ಅಳುತ್ತಿದ್ದಾಳೆ ಎಂದುಕೊಂಡು ಅವರು ಅವಳ ಬೆನ್ನು ಸವರಿದರು.

"ನಾನು ಈ ಊರಿಗೆ ಬಂದಾಗಿನಿಂದ ಇಂಥ ವಿನಯ ಕಂಡಿಲ್ಲ" ಎಂದರು ಪಾದ್ರಿಗಳು ಮೆಲ್ಲಗೆ.

ರೂರಿಯ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು. ಅವನು ಎದ್ದುನಿಂತ. "ಸಾಕು ಭಾವ, ಇಷ್ಟೆಲ್ಲ ಹೊಗಳಬಾರದು."

"ನೀನು ಕೂತ್ಕೋ" ಎಂದ ಡೂಗಲ್ಡ್. "ಇನ್ನೂ ಮುಗಿದಿಲ್ಲ."