ಜ್ವರ ನೋಡುವ ಕೈ

ಮಗುವಿಗೆ ಮೈ ಬಿಸಿಯಾದರೆ ಶಾಲೆಗೆ ಕಳಿಸಬೇಕೋ, ಮನೆಯಲ್ಲಿ ಇಟ್ಟುಕೊಳ್ಳಬೇಕೋ ಎಂದು ತಲೆ ಕೆಡಿಸಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು. ಅವರಿಗೆ ಆ ಪ್ರಶ್ನೆಗೆ ಎರಡು ಉತ್ತರಗಳಾದರೂ ಇವೆ. ನಮ್ಮ ಓಣಿಯಲ್ಲಿ ಗಂಡಸರು, ಹೆಂಗಸರು ಎಲ್ಲರೂ ಹೊತ್ತೇರುವ ಮೊದಲೇ ಕೆಲಸಕ್ಕೆ ಹೊರಡುವವರು. ಹುಷಾರಿಲ್ಲದ ಮಗುವನ್ನು ಮನೆಯಲ್ಲಿಡುವುದೆಂದರೆ ತಗಡಿನ ಕೋಣೆಯೊಳಗೆ ಮಲಗಿಸಿ ಹೊರಗಿನಿಂದ ಬೀಗ ಜಡಿಯುವುದು ಎಂದರ್ಥ. ಶಾಲೆಯಲ್ಲಾದರೆ ಫ್ಯಾನಿದೆ, ಮಧ್ಯಾಹ್ನದ ಅನ್ನವಿದೆ, ಕರೆದರೆ ಓ ಎನ್ನಲು ಒಬ್ಬ ಟೀಚರಮ್ಮ ಇದ್ದಾರೆ. ಹಾಗಾಗಿ ದೊಡ್ಡವರ ಮನೆಗಳಲ್ಲಿ ಮಗು ಶಾಲೆಗೆ ಹೋಗುವಷ್ಟು ಆರಾಮಿದೆಯೇ ಎಂದು ನೋಡುತ್ತಾರೆ. ನಾವು, ಮಗು ಮನೆಯಲ್ಲಿ ಒಂಟಿಯಾಗಿ ಬಿದ್ದಿರುವಷ್ಟು ಆರಾಮಿದೆಯೇ ಎಂದು ನೋಡುತ್ತೇವೆ. ಅಷ್ಟು ಆರಾಮಿಲ್ಲದಿದ್ದರೆ ಶಾಲೆಗೆ ಕಳಿಸುತ್ತೇವೆ.

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು ಟೈಲ್ಸ್ ಕೂಡಿಸುವ ಕೆಲಸ ಕಲಿತೆ. ಹೋದ ವರ್ಷ ಬಂಡೆಗಲ್ಲು ಕೂತಿದ್ದ ಜಾಗದಲ್ಲಿ ಈ ವರ್ಷ ಲಿಫ್ಟು ಓಡುತ್ತಿದ್ದ ಕಾಲ ಅದು. ಮಾದಾಪುರದ ಎಷ್ಟೋ ಆಫೀಸುಗಳಲ್ಲಿ ಇಂಜಿನಿಯರುಗಳು ಮುಖ ಕಾಣುವಂಥ ನೆಲದ ಮೇಲೆ ಓಡಾಡುತ್ತಾರಲ್ಲ, ಆ ನೆಲ ನನ್ನದು. ಸಂದಿನಲ್ಲಿ ಉಗುರು ತೂರಿಸಿ ತೋರಿಸಿ ನೋಡೋಣ. ಒಮ್ಮೆ ಅಂಥ ಆಫೀಸಿನಲ್ಲಿ ಕಿತ್ತುಬಂದಿದ್ದ ಟೈಲ್ ರಿಪೇರಿ ಮಾಡುವಾಗ, ಗಂಟಲು ನೋವೆಂದು ಒಬ್ಬ ಹುಡುಗ ಮನೆಯಿಂದಲೇ ಕೆಲಸ ಮಾಡುತ್ತಾನೆಂಬ ಸುದ್ದಿ ಕಿವಿಗೆ ಬಿತ್ತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ನಾಗಮ್ಮನಿಗೆ ಹೇಳಿದೆ. ಅವಳು ಬಹಳ ಯೋಚಿಸಿ, ಹಾಗಾದರೆ ನೀವೂ ನಾಲ್ಕು ಟೈಲ್ ಮನೆಗೆ ತಂದು ಕೂಡಿಸಿರಿ ಎಂದಳು. ನಮ್ಮ ಮನೆಯ ನೆಲಕ್ಕೆ ಆಗಿನ್ನೂ ಸಿಮೆಂಟೇ ಬಿದ್ದಿರಲಿಲ್ಲ.

ಸಿಮೆಂಟು ಎಂದರೆ ನೆನಪಾಯಿತು. ಅದು ಮೊದಲು ಕೈಯ ಚರ್ಮ ತಿನ್ನುತ್ತದೆ, ಆಮೇಲೆ ತಾನೇ ಚರ್ಮವಾಗಿ ಕೂತುಬಿಡುತ್ತದೆ. ಒಲೆಯ ಮೇಲೆ ಕುದಿಯುವ ಚಹಾದ ಪಾತ್ರೆಯನ್ನು ನಾನು ಬಟ್ಟೆಯಿಲ್ಲದೆ ಇಳಿಸುತ್ತೇನೆ. ಗೆಳೆಯರ ಮುಂದೆ ಇಳಿಸಿ ತೋರಿಸಿದ್ದೂ ಉಂಟು. ಕಾಂಕ್ರೀಟು ಹೊರುವ ನಾಗಮ್ಮನ ಕೈಯೂ ಅಂಥದೇ, ಓಣಿಯವರೆಲ್ಲರದೂ ಅಂಥದೇ. ಇಂಥ ಕೈಗಳಿಗೆ ಮಕ್ಕಳ ಜ್ವರ ಎಲ್ಲಿ ತಿಳಿಯಬೇಕು? ಅದಕ್ಕೇ ಒಂದು ಪದ್ಧತಿ ಬಂದಿತ್ತು. ಹುಮನಾಬಾದ ಕಡೆಯ ಹುಸೇನಬಿ ಎಂಬ ಮುದುಕಿ ಓಣಿಯ ಬಾಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ಸೂಜಿ, ದಾರ, ರೇಷ್ಮೆ ಹಿಡಿದ ಕೈ. ನಮ್ಮಲ್ಲಿ ಮೆತ್ತಗಿದ್ದ ಕೈ ಅದೊಂದೇ. ಬೆಳಿಗ್ಗೆ ಕೆಮ್ಮುವ, ಸೀನುವ ಮಕ್ಕಳನ್ನೆಲ್ಲ ಅವಳ ಮುಂದೆ ನಿಲ್ಲಿಸುತ್ತಿದ್ದರು. ಕುತ್ತಿಗೆಗೆ ಕೈ ಇಟ್ಟು ಶಾಲೆ ಎಂದರೆ ಶಾಲೆ, ಇಲ್ಲ ಎಂದರೆ ಆ ದಿನ ಅವಳ ಮಷೀನಿನ ಪಕ್ಕ ಬಟ್ಟೆಯ ಚೂರುಗಳ ಮೇಲೆ ನಿದ್ದೆ.

ನನ್ನ ಮಗಳ ಮೈ ಬಿಸಿಯನ್ನು ಇನ್ನೊಬ್ಬರು ನನಗೆ ಹೇಳುವುದೇ ಎಂದು ಒಳಗೊಳಗೇ ಉರಿಯುತ್ತಿತ್ತು. ಒಂದು ದಿನ ಅಂದೂಬಿಟ್ಟೆ. ಹುಸೇನಬಿ ತಲೆ ಎತ್ತದೆ, “ನಿಂದು ಕೈ ಅಲ್ಲೋ ಬೇಟಾ, ಸಿಮೆಂಟ್ ಬಳಿಯೋ ಕರಣಿ ಐತಿ. ಗೋಡಿಗಿ ಹಚ್ಚು, ಕೂಸಿಗಿ ಹಚ್ಚಬ್ಯಾಡ” ಎಂದಳು. ಓಣಿಯೆಲ್ಲ ನಕ್ಕಿತು.

ಮಳೆಗಾಲದಲ್ಲಿ ಹುಸೇನಬಿ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದಳು. ಎರಡನೆಯ ಇಯತ್ತೆಯ ನನ್ನ ಮಗಳು ಭಾಗಿಗೆ ಅದೇ ಹೊತ್ತಿಗೆ ಕೆಮ್ಮು ಹತ್ತಿತು.

“ಹುಡುಗಿ ಮಾರಿ ನೋಡ್ರಿ, ಕೆಂಪಗ ಆಗೈತಿ. ಇವತ್ತ ನಾ ಉಳೀತೀನಿ” ಎಂದಳು ನಾಗಮ್ಮ.

ಅಂದು ಅವಳ ಕೆಲಸದಲ್ಲಿ ಸ್ಲ್ಯಾಬು ಹಾಕುವ ದಿನ. ತಪ್ಪಿಸಿದರೆ ಅವಳ ಜಾಗಕ್ಕೆ ಬೇರೆಯವಳು ಬರುತ್ತಿದ್ದಳು. ನಾನು ಹುಸೇನಬಿಯ ಹಾಗೆಯೇ ಕಣ್ಣು ಅರೆಮುಚ್ಚಿ, ಅವಳಷ್ಟೇ ಗಂಭೀರವಾಗಿ ಮಗಳ ಕುತ್ತಿಗೆಗೆ ಕೈ ಇಟ್ಟೆ. ತಣ್ಣಗಿತ್ತು. ನಾಗಮ್ಮನೂ ಇಟ್ಟು ನೋಡಿ, ಬುತ್ತಿ ಕಟ್ಟಲು ಎದ್ದಳು. ಭಾಗಿಯನ್ನೇ ಕೇಳಿದರೆ ತನಗೇನೂ ಆಗಿಲ್ಲ ಎಂದಳು. ಶಾಲೆಯಲ್ಲಿ ಅಂದು ಮೊಟ್ಟೆ ಕೊಡುವವರಿದ್ದರು. ಜ್ವರ ಇಲ್ಲ, ಶಾಲೆ ಎಂದು ನಾನು ತೀರ್ಪು ಕೊಟ್ಟೆ.

ಮೊಟ್ಟೆಯ ಹೊತ್ತಿಗಿಂತ ಮೊದಲೇ ಟೀಚರಮ್ಮನ ಫೋನು ಬಂತು. ಹುಡುಗಿ ಬೆಂಚಿನಿಂದ ಕೆಳಗೆ ಬಿದ್ದಿದ್ದಾಳೆ, ಕಣ್ಣು ಬಿಡುತ್ತಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ಕಲಸಿದ ಸಿಮೆಂಟು ಬಿಟ್ಟು ಓಡಿದೆ. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದರು. ಎದೆಯೊಳಗೆ ಕಫ ಗಟ್ಟಿಯಾಗಿದೆ, ಉಸಿರು ಸಾಲುತ್ತಿಲ್ಲ, ಜ್ವರ ಎಂದಿನಿಂದ ಎಂದು ಡಾಕ್ಟರು ಕೇಳಿದರು. ಜ್ವರ ಇರಲೇ ಇಲ್ಲ ಎಂದೆ. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು, ಚೀಟಿ ಬರೆಯತೊಡಗಿದರು. ಸೂಜಿ ಚುಚ್ಚಲು ಬಂದ ನರ್ಸು ಮಗುವಿನ ತೋಳು ಮುಟ್ಟಿ, ಬೆಂಕಿಯ ಹಾಗಿದೆ ಎಂದು ಕೈ ಹಿಂದಕ್ಕೆಳೆದಳು. ಅವಳು ಅತ್ತ ಹೋದ ಮೇಲೆ ನಾನೂ ಮುಟ್ಟಿದೆ. ಆಗಲೂ ತಣ್ಣಗೇ ಇತ್ತು.

ಆ ವಾರ್ಡಿನಲ್ಲಿ ಒಂದು ಬೆಳಿಗ್ಗೆ ಪಕ್ಕದ ಮಂಚ ಖಾಲಿಯಾಗಿತ್ತು. ಆ ಮಗು ಮನೆಗೆ ಹೋಯಿತೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಾಗಮ್ಮ ನನ್ನ ಮೇಲೆ ಹರಿಹಾಯುತ್ತಾಳೆಂದು ಕಾದೆ, ಅವಳು ಹರಿಹಾಯಲಿಲ್ಲ. ಎರಡು ಕೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತ, “ನನ್ನ ಕೈಗೂ ತಿಳೀಲಿಲ್ಲಲ್ರಿ” ಎಂದಳು ಅಷ್ಟೇ.

ಭಾಗಿ ಉಳಿದಳು. ಮೈ ಮೂಳೆಯಾಗಿ, ಧ್ವನಿ ಸಣ್ಣಗಾಗಿ ಮನೆಗೆ ಬಂದಳು. ಕೆಲವು ವಾರ, ಊರಿನಿಂದ ಮರಳಿದ್ದ ಹುಸೇನಬಿಯ ಬಟ್ಟೆಯ ಚೂರುಗಳ ಮೇಲೆ ಮಲಗಿದಳು. ಆಮೇಲೆ ಡಾಕ್ಟರು ಶಾಲೆಗೆ ಕಳಿಸಬಹುದು ಎಂದರು, ಹುಸೇನಬಿ ಶಾಲೆ ಎಂದಳು, ನಾಗಮ್ಮನೂ ಹೂಂ ಎಂದಳು. ಭಾಗಿಯಂತೂ ಚೀಲ ಬೆನ್ನಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಇಷ್ಟು ಜನ ಒಪ್ಪಿದ ಮೇಲೆ ನನ್ನದೇನು? ಕರೆದುಕೊಂಡು ಹೋಗಿ ಗೇಟಿನೊಳಗೆ ಬಿಟ್ಟೆ. ಕೆಲಸದ ಕಡೆ ಹೊರಳಿದವನು ಎದುರಿನ ಚಹಾದಂಗಡಿಯ ಕಲ್ಲಿನ ಮೇಲೆ ಒಂದು ನಿಮಿಷ ಕೂತೆ. ಮಗ್ಗಿ ಶುರುವಾಯಿತು. ನೂರು ಗಂಟಲುಗಳಲ್ಲಿ ಅವಳದು ಯಾವುದೆಂದು ಕಿವಿಗೊಟ್ಟು ಕೂತವನು ಏಳಲೇ ಇಲ್ಲ. ನಮ್ಮ ಮೇಸ್ತ್ರಿಯ ಫೋನು ಬಂತು. ಹುಡುಗಿ ಇನ್ನೂ ಮಲಗಿದ್ದಾಳೇನು ಎಂದು ಕೇಳಿದ.

“ಇಲ್ರಿ, ಆಕಿ ಶಾಲಿಗಿ ಹೋಗ್ಯಾಳ. ನನಗ ಆರಾಮಿಲ್ಲ.”

“ಏನಾಗೈತೋ ನಿನಗ?”

ನಾಳೆ ಬರುತ್ತೇನೆ ಎಂದೆ. ಮರುದಿನವೂ ಅದೇ ಕಲ್ಲಿನ ಮೇಲೆ ಕೂತು ಅದನ್ನೇ ಹೇಳಿದೆ.