ಬಾಪ್ಪುವಿನ ಎರಡು ಕೈ

ನಮ್ಮ ಬಾಪ್ಪು, ಅಂದರೆ ಅಪ್ಪನ ತಮ್ಮ, ಕಾರು ಓಡಿಸುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ರಸ್ತೆಯ ಕ್ಷಮೆ ಕೇಳಿಕೊಂಡು ಮುಂದೆ ಹೋಗುತ್ತಿದ್ದರು. ಕಾರು ಜೊತೆಗಿರುತ್ತಿತ್ತು, ಅಷ್ಟೆ.

ಆಗಿನ ಕಾರುಗಳಿಗೆ ತಿರುಗುವುದನ್ನು ತೋರಿಸುವ ಮಿನುಗು ದೀಪ ಎಲ್ಲಿತ್ತು? ಬಾಗಿಲ ಪಕ್ಕದ ಸಂದಿನಿಂದ ಗೇಣುದ್ದದ ಹಳದಿ ಕೈಯೊಂದು ಹೊರಗೆ ಬರುತ್ತಿತ್ತು. ಎಡಗಡೆಯದು ಬಂದರೆ ಎಡಕ್ಕೆ, ಬಲಗಡೆಯದು ಬಂದರೆ ಬಲಕ್ಕೆ. ಬಾಪ್ಪು ಮೆಕ್ಯಾನಿಕ್‌ನ ತಲೆ ತಿಂದು, ಎರಡೂ ಕೈ ಒಟ್ಟಿಗೆ ಏಳುವಂತೆ ಬೇರೊಂದು ಸ್ವಿಚ್ ಹಾಕಿಸಿಕೊಂಡಿದ್ದರು. ಕಾರು ನಡುರಸ್ತೆಯಲ್ಲಿ ಕೆಟ್ಟು ನಿಂತರೆ ಹಿಂದಿನವರಿಗೆ ತಿಳಿಯಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ದನ ಕಂಡರೂ ಎರಡು ಕೈ, ಸೈಕಲ್ ಕಂಡರೂ ಎರಡು ಕೈ, ಮಳೆ ಬಂದರಂತೂ ಮನೆಯಿಂದ ಇಗರ್ಜಿಯವರೆಗೂ ಎರಡು ಕೈ!

ಕಾರಣ ಚಿಕ್ಕಮ್ಮ. ಅವರ ಹೃದಯ ದುರ್ಬಲ. ಆಯಾಸ, ಗಾಬರಿ ಎರಡೂ ಕೂಡದೆಂದು ಡಾಕ್ಟರು ಹೇಳಿದ್ದರು. ಅವರಿಗೋ ಇಗರ್ಜಿಯ ಆದಿತ್ಯವಾರದ ಪೂಜೆ ತಪ್ಪಬಾರದು. ದೇರೆಬೈಲಿನ ಮನೆಯಿಂದ ಕರೆದೊಯ್ದು ಕ್ಷೇಮವಾಗಿ ವಾಪಸು ತರುವುದೇ ಬಾಪ್ಪುವಿನ ಬದುಕಿನ ಚಿಂತೆ. “ನನ್ನ ಹೃದಯ ನಿಲ್ಲುವುದಾದರೆ ಇವರ ನಿಧಾನಕ್ಕೇ ನಿಲ್ತದೆ” ಎಂದು ಚಿಕ್ಕಮ್ಮ ಗೊಣಗುತ್ತಿದ್ದರು.

ನಂತೂರಿನಲ್ಲಿ ಒಮ್ಮೆ ಹಿಂದಿದ್ದ ಲಾರಿಯ ಡ್ರೈವರ್ ಹಾರ್ನ್ ಹೊಡೆದು ಸಾಕಾಗಿ ಪಕ್ಕಕ್ಕೆ ಬಂದ.

“ಎಂತ ಮಾಸ್ಟ್ರೇ, ಎಡಕ್ಕಾ, ಬಲಕ್ಕಾ?”

“ಎರಡೂ ಅಲ್ಲ, ನೇರ. ಕೈ ಎತ್ತಿದ್ದು ಜಾಗ್ರತೆ ಅಂತ.”

“ಎಂತದ್ದಕ್ಕೆ ಜಾಗ್ರತೆ ಮಾರಾಯ್ರೆ, ರಸ್ತೆ ಖಾಲಿ ಉಂಟಲ್ಲ?”

“ನಾನಿದ್ದೇನಲ್ಲ.”

ಡ್ರೈವರ್ ಮುಂದೆ ಹೋದ. ಇನ್ನೊಮ್ಮೆ ಮೀನು ಮಾರ್ಕೆಟಿನ ಬಾಗಿಲಿಗೇ ಕಾರು ನಿಲ್ಲಿಸಿ, ಎರಡೂ ಕೈ ಎತ್ತಿಟ್ಟು, ಬಂಗುಡೆ ಆರಿಸುತ್ತಾ ನಿಂತರು. ಪೊಲೀಸಿನವರು ಬಂದರು. “ಕೈ ಎತ್ತಿದ್ರೆ ರಸ್ತೆ ನಿಮ್ಮದಾಗ್ತದಾ?” ಬಾಪ್ಪುವಿಗೆ ಎಷ್ಟು ನಾಚಿಕೆಯಾಯಿತೆಂದರೆ ಮೀನನ್ನೂ ಅಲ್ಲೇ ಬಿಟ್ಟು ಬಂದರು. ಆ ದಿನ ನಮಗೆಲ್ಲ ಗಂಜಿಗೆ ಉಪ್ಪಿನಕಾಯಿ.

ಒಂದು ಮಧ್ಯಾಹ್ನ ನಾವು ಮೂವರೂ ನೆಂಟರ ಮನೆಯಿಂದ ಬರುತ್ತಿದ್ದಾಗ ಬಿಕರ್ನಕಟ್ಟೆಯ ಏರಿನಲ್ಲಿ, ತಿರುವು ದಾಟಿದ ಕೂಡಲೇ, ಕಾರು ನಿಜವಾಗಿಯೂ ಕೆಟ್ಟು ನಿಂತಿತು. ಹಿಂದಿನಿಂದ ಬರುವವರಿಗೆ ತೀರ ಹತ್ತಿರ ಬರುವವರೆಗೆ ಅದು ಕಾಣುವಂತಿರಲಿಲ್ಲ. ಬಾಪ್ಪು ಸ್ವಿಚ್ ಒತ್ತಿದರು. ಕರೆಂಟೇ ಇಲ್ಲ, ಒಂದು ಕೈಯೂ ಏಳಲಿಲ್ಲ. ಇಷ್ಟು ವರ್ಷ ಬೇಡದಲ್ಲೆಲ್ಲ ಎದ್ದ ಕೈಗಳು!

ಅವರು ನನ್ನನ್ನೂ ಚಿಕ್ಕಮ್ಮನನ್ನೂ ಬದಿಯ ಮರದ ನೆರಳಿನಲ್ಲಿ ಕೂರಿಸಿ, ತಿರುವಿನವರೆಗೆ ಇಳಿದು ಹೋಗಿ, ಬಿಸಿಲಿನಲ್ಲಿ ತಮ್ಮ ಎರಡೂ ಕೈ ಅಗಲಿಸಿ ನಿಂತರು. ಬಿಳಿ ಕೋಟು, ತಲೆಗೆ ಕರವಸ್ತ್ರ. ನನಗೆ ನಗು ತಡೆಯಲಾಗಲಿಲ್ಲ. ಪಕ್ಕಕ್ಕೆ ನೋಡಿದರೆ ಚಿಕ್ಕಮ್ಮ ಇಲ್ಲ. ಕೊಡೆ ಬಿಡಿಸಿಕೊಂಡು, ತಡೆದು ತಡೆದು ಉಸಿರೆಳೆಯುತ್ತಾ, ಅವರೂ ಇಳಿದು ಹೋಗುತ್ತಿದ್ದರು. ನಗು ನಿಂತಿತು, ಹಿಂದೆಯೇ ಓಡಿದೆ.

“ನೀನ್ಯಾಕೆ ಬಂದದ್ದು? ಡಾಕ್ಟರು ಹೇಳಿದ್ದು ನೆನಪುಂಟಲ್ಲ?” ಬಾಪ್ಪು ಗದರಿದರು.

ಚಿಕ್ಕಮ್ಮ ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದರು. “ನೀವೊಬ್ಬರೇ ನಿಂತ್ರೆ ಗಾಡಿಯವರಿಗೆ ಕಾಣ್ಲಿಕ್ಕಿಲ್ಲ. ಅದಕ್ಕೆ ಬಂದೆ.”

ಬಾಪ್ಪು ಒಂದು ಕೈ ಇಳಿಸಿ ಅವರನ್ನು ಹತ್ತಿರಕ್ಕೆ ಹಿಡಿದುಕೊಂಡರು. ಕೆಳಗಿನಿಂದ ಬಂದ ಬಸ್ಸು ದೂರದಲ್ಲೇ ನಿಂತಿತು.